ಹಳೇ ಫ್ರಿಡ್ಜ್ ಸ್ಮೋಕರ್ ಕೈ ಕೊಟ್ರೆ ಎಲ್ಲಿಂದ ನೋಡ್ಕೊಂಡು ಬರೋದು

ಹಳೇ ಫ್ರಿಡ್ಜನ್ನೇ ಮಾಂಸಕ್ಕೆ ಹೊಗೆ ಹಾಕೋ ಡಬ್ಬ, ಅಂದ್ರೆ ಸ್ಮೋಕರ್, ಮಾಡ್ಕೊಂಡೋರು ಮೊದಲನೇ ಸಲ ಕೆಟ್ಟಾಗ ಬೈಯೋದು ಹೊಗೆಗೆ ಹಾಕೋ ಮರಕ್ಕೆ. ಚಕ್ಕೆ ಸರಿ ಇಲ್ಲ, ಬೇರೆ ಮರ ತರ್ಬೇಕಿತ್ತು, ನೆನೆಸಬೇಕಿತ್ತು, ನೆನೆಸಬಾರದಿತ್ತು ಅಂತ. ನಾನೂ ಮೂರು ಥರದ ಮರ ಬದಲಾಯಿಸಿದ್ಮೇಲೆ ಗೊತ್ತಾಗಿದ್ದು, ತಪ್ಪು ಇದ್ದಿದ್ದು ಮೇಲ್ಗಡೆ ಕೊರೆದ ತೂತಲ್ಲಿ. ಫ್ರಿಡ್ಜ್ ಅನ್ನೋದು ಒಳಗಿನ ಗಾಳಿ ಹೊರಗೆ ಹೋಗ್ಬಾರ್ದು, ಹೊರಗಿಂದು ಒಳಗೆ ಬರ್ಬಾರ್ದು ಅಂತಾನೇ ಮಾಡಿರೋ ಪೆಟ್ಟಿಗೆ, ಸ್ಮೋಕರ್‌ಗೆ ಬೇಕಿರೋದು ಅದರ ಉಲ್ಟಾ, ಹೊಗೆ ಒಳಗೆ ಬಂದು ಮಾಂಸ ಸವರ್ಕೊಂಡು ಆಚೆ ಹೋಗ್ತಾನೇ ಇರ್ಬೇಕು. ಕೆಳಗಿರೋ ಬಹಳಷ್ಟು ತೊಂದರೆಗಳು ಈ ಜಗಳದಿಂದಲೇ ಹುಟ್ಟೋದು.

ಇಲ್ಲಿ ಬರೆದಿರೋದು ಒಳಗೆ ಎಲೆಕ್ಟ್ರಿಕ್ ಹಾಟ್‌ಪ್ಲೇಟ್, ಅದರ ಮೇಲೆ ಚಕ್ಕೆ ಹಾಕೋ ಕಬ್ಬಿಣದ ತಟ್ಟೆ, ಕೆಳಗೊಂದು ಗಾಳಿ ತೂತು, ಮೇಲೊಂದು ಚಿಮಣಿ ಇರೋ ಸೆಟಪ್‌ಗೆ. ಡಿಗ್ರಿ ಅಂದ್ರೆ ಎಲ್ಲಾ ಕಡೆ ಸೆಲ್ಸಿಯಸ್. ಡಬ್ಬ ಬಯಲಲ್ಲಿ ಇರ್ಬೇಕು, ಗ್ಯಾರೇಜ್ ಬೇಡ, ಮುಚ್ಚಿದ ವರಾಂಡಾನೂ ಬೇಡ. ಹೊಗೆಯಾಡೋ ಮರ ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ, ಅದಕ್ಕೆ ವಾಸನೆ ಇಲ್ಲ. ಪಕ್ಕ ನಿಂತಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದ್ರೆ ನೀರು ಕುಡ್ಕೊಂಡು ಅಲ್ಲೇ ಕೂರ್ಬೇಡಿ, ದೂರ ಗಾಳಿಗೆ ಹೋಗಿ, ಕಮ್ಮಿ ಆಗ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ.

ಪ್ಲಾಸ್ಟಿಕ್ ಸುಟ್ಟ ವಾಸನೆ, ಒಳಗೋಡೆ ಉಬ್ಬಿದೆ

ಇದೊಂದನ್ನ ಸರದಿ ತಪ್ಪಿಸಿ ಮೊದಲೇ ಬರೀತಿದೀನಿ, ಯಾಕಂದ್ರೆ ಇದು ನಿಧಾನಕ್ಕೆ ಚೆಕ್ ಮಾಡ್ಕೊಂಡು ಕೂರೋ ವಿಷಯ ಅಲ್ಲ. ಪ್ಲಗ್ ಕಿತ್ತಾಕಿ, ಆರೋವರೆಗೂ ದೂರ ಇರಿ, ಒಳಗಿದ್ದ ಮಾಂಸ ಎಷ್ಟೇ ಚೆನ್ನಾಗಿ ಕಂಡ್ರೂ ಎಸೀರಿ.

ಈಗಿನ ಫ್ರಿಡ್ಜ್‌ಗಳ ಒಳಗೋಡೆ ಪ್ಲಾಸ್ಟಿಕ್, ಅದರ ಹಿಂದೆ ಪಾಲಿಯುರೆಥೇನ್ ಫೋಮ್. ಆ ಪ್ಲಾಸ್ಟಿಕ್ 90-100 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗುತ್ತೆ, ಆದ್ರೆ ಬಿಸಿ ಹೊಗೆಗೆ (ಹೊಗೆ ಜೊತೆಗೇ ಮಾಂಸ ಬೇಯಿಸೋದು) ನಮಗೆ ಬೇಕಿರೋದು 105ರಿಂದ 120. ಫೋಮ್‌ಗೆ ಬೆಂಕಿ ತಗುಲಿದ್ರೆ ಬರೋ ಹೊಗೇಲಿ ಹೈಡ್ರೋಜನ್ ಸಯನೈಡ್ ಇರುತ್ತೆ. ಹಾಗಾಗಿ ನಿಮ್ಮದು ಯಾವ ಗೋಡೆ ಅಂತ ತಿಳ್ಕೊಳ್ಳಿ. ಮ್ಯಾಗ್ನೆಟ್ ಹಿಡಿದ್ರೆ ಎನಾಮಲ್ ಬಳಿದ ಸ್ಟೀಲ್, ಬೇಕಿರೋದು ಅದೇ. ಹಿಡೀಲಿಲ್ಲ ಅಂದ್ರೆ ಬೆರಳ ಗಿಣ್ಣಲ್ಲಿ ಬಡೀರಿ, ಟಣ್ ಅಂದ್ರೆ ಅಲ್ಯೂಮಿನಿಯಂ ಇರ್ಬಹುದು, ಡಬ್ ಅಂತ ಸತ್ತ ಶಬ್ದ ಬಂದ್ರೆ ಪ್ಲಾಸ್ಟಿಕ್. ಲೋಹನೇ ಇದ್ರೂ ಒಂದು ಮೂಲೇಲಿ ಬಿಚ್ಚಿ ಹಿಂದೆ ಏನಿದೆ ನೋಡಿ. ಗಾಜಿನ ಉಣ್ಣೆ ಇದ್ರೆ ಸರಿ, ಮುಟ್ಟುವಾಗ ಗ್ಲೌಸು ಮಾಸ್ಕು ಇರ್ಲಿ. ಹಳದಿ ಗಟ್ಟಿ ಫೋಮ್ ಕಂಡ್ರೆ ಅದರಲ್ಲಿ ಬಿಸಿ ಹೊಗೆ ಆಸೆ ಬಿಟ್ಬಿಡಿ. ಒಳಗೆ ಅಲ್ಯೂಮಿನಿಯಂ ಶೀಟ್ ಹೊಡೆದ್ರೆ ಸಾಕಲ್ವಾ ಅಂತ ಕೇಳೋರಿದಾರೆ. ಸಾಲಲ್ಲ, ಶೀಟು ನೇರ ಬೆಂಕಿ ತಡೆಯಬಹುದು, ಗಂಟೆಗಟ್ಟಲೆ ಕಾಯೋ ಬಿಸೀನ ತಡೆಯಲ್ಲ. ಅಂಥ ಡಬ್ಬ ತಣ್ಣನೆ ಹೊಗೆಗೆ ಮಾತ್ರ ಆಗುತ್ತೆ, ಅಂದ್ರೆ ಬೆಂಕಿ ಹೊರಗೆ, ಹೊಗೆ ಮಾತ್ರ ಪೈಪಲ್ಲಿ ಒಳಗೆ, ಒಳಗಿನ ಬಿಸಿ 30 ಡಿಗ್ರಿ ದಾಟಬಾರದು.

ಗೋಡೆಯೆಲ್ಲ ಸ್ಟೀಲು, ಆದ್ರೂ ವಾಸನೆ ಬರ್ತಿದೆ ಅಂದ್ರೆ ಬಾಗಿಲಿನ ಒಳಮೈ ನೋಡಿ. ಡಬ್ಬ ಲೋಹದ್ದಿದ್ರೂ ಬಾಗಿಲಿನ ಒಳಗಿನ ಹಲಗೆ ಎಷ್ಟೋ ಸಲ ಪ್ಲಾಸ್ಟಿಕ್ ಇರುತ್ತೆ, ನಾನು ಮರೆತಿದ್ದೂ ಇದನ್ನೇ. ಆಮೇಲೆ ಬಾಗಿಲ ಸುತ್ತ ಇರೋ ಗ್ಯಾಸ್ಕೆಟ್, ಅದು ಮೆತ್ತನೆ ಪಿವಿಸಿ ಒಳಗೆ ಮ್ಯಾಗ್ನೆಟ್ ಪಟ್ಟಿ. ಬಿಸಿ ತಗುಲಿದ್ದಕ್ಕೆ ಮೊದಲ ಗುರುತು ಬೆರಳಿಗೆ ಅಂಟೋದು. ಅದನ್ನ ತೆಗೆದು ಒಲೆ ಬಾಗಿಲಿಗೆ ಹಾಕೋ ಫೈಬರ್‌ಗ್ಲಾಸ್ ಹಗ್ಗ ಕೂರಿಸಿ. ಲೈಟ್ ಹೋಲ್ಡರ್, ನೀರು ಹೋಗೋ ತೂತಿನ ಬಿರಡೆ, ಹಳೇ ವೈರು, ಇವೆಲ್ಲ ಡಬ್ಬದಲ್ಲಿ ಉಳಿದಿರಬಾರದು.

ಒಳಗಿನ ಹಳೇ ಜಾಲರಿಗಳನ್ನೂ ಇದೇ ಉಸಿರಲ್ಲಿ ತೆಗೆದುಬಿಡಿ. ಹಳೇ ಕಾಲದ ಕೆಲವು ಜಾಲರಿಗಳಿಗೆ ಕ್ಯಾಡ್ಮಿಯಂ ಲೇಪನ ಇರ್ತಿತ್ತು, ನೋಡಿ ಹೇಳೋಕಾಗಲ್ಲ, ಅದು ವಿಷ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕ್ಕೊಳ್ಳಿ.

ತೂತು ಕೊರೀವಾಗ ಸುಸ್ ಅಂತು

ಡ್ರಿಲ್ ಬಿಟ್ಟು ದೂರ ಹೋಗಿ, ಬೀಡಿ ಸಿಗರೇಟು ಸ್ವಿಚ್ಚು ಏನೂ ಮುಟ್ಬೇಡಿ. ಎಷ್ಟೋ ಫ್ರಿಡ್ಜ್‌ಗಳಲ್ಲಿ ಗ್ಯಾಸ್ ಪೈಪು ಹಿಂದಿನ ಜಾಲರೀಲಿ ಮಾತ್ರ ಅಲ್ಲ, ಪಕ್ಕದ ಗೋಡೆಗಳ ಒಳಗೂ ಓಡಾಡಿರುತ್ತೆ. ಒಳಗಿರೋ ಗ್ಯಾಸು ಯಾವುದು ಅನ್ನೋದು ಕಂಪ್ರೆಸರ್ ಮೇಲಿನ ಚೀಟೀಲಿ ಇರುತ್ತೆ. ಆರ್-600ಎ ಅಂತ ಇದ್ರೆ ಅದು ಐಸೋಬ್ಯುಟೇನ್, ಬೆಂಕಿ ಹತ್ಕೊಳ್ಳೋದು. ಆರ್-12 ಅಂತ ಇದ್ರೆ ತಾನಾಗಿ ಹತ್ಕೊಳ್ಳಲ್ಲ, ಆದ್ರೆ ಉರೀತಿರೋ ಜ್ವಾಲೆ ತಗುಲಿದ್ರೆ ಫಾಸ್ಜೀನ್ ಥರ ವಿಷಾನಿಲ ಹುಟ್ಟುತ್ತೆ, ಜೊತೆಗೆ ಓಜೋನ್ ಪದರ ಹಾಳು ಮಾಡುತ್ತೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಕಡಿವಾಣ ಹಾಕಿದ ಗ್ಯಾಸ್ ಅದು. ಯಾವುದೇ ಆಗಿರ್ಲಿ, ಫ್ರಿಡ್ಜ್ ಮೆಕ್ಯಾನಿಕ್ ಕರೆಸಿ ಗ್ಯಾಸ್ ಸಿಲಿಂಡರ್‌ಗೆ ಎಳೆಸಿ, ಕಂಪ್ರೆಸರ್ ಬಿಚ್ಚಿಸಿ, ಆಮೇಲೆ ಡ್ರಿಲ್ ಎತ್ಕೊಳ್ಳಿ. ಇದು ನಾವು ಕೈ ಹಾಕೋ ಕೆಲಸ ಅಲ್ಲ.

ಮಾಂಸ ಕಹಿ, ತಿಂದ್ಮೇಲೆ ನಾಲಿಗೆ ಜೋಮು

ನನ್ನ ಮೊದಲ ಕೋಳಿ ಹಿಂಗೇ ಆಗಿದ್ದು. ಬಾಗಿಲು ತೆಗೆದಾಗ ಬಣ್ಣ ನೋಡಿ ಖುಷಿಯೋ ಖುಷಿ, ಕಪ್ಪು ಬೆರೆತ ಕಂದು, ಮಿರಮಿರ ಮಿಂಚ್ತಿತ್ತು. ಬೆರಳಿಟ್ರೆ ಅಂಟು, ಆ ಬೆರಳನ್ನ ಸೋಪು ಹಾಕಿ ಎರಡು ಸಲ ತೊಳೆದ್ರೂ ರಾತ್ರಿವರೆಗೂ ಡಾಂಬರು ವಾಸನೆ. ಒಂದು ಎಳೆ ಬಾಯಿಗಿಟ್ಟಿದ್ದಷ್ಟೇ, ನಾಲಿಗೆ ತುದಿ ಮರಗಟ್ಟಿದ ಹಾಗಾಯ್ತು.

ಆ ಮಿಂಚು ಕ್ರಿಯೋಸೋಟ್. ಹೊಗೇಲಿ ಆವಿಯಾಗಿರೋ ಟಾರು, ಆಮ್ಲ, ನೀರು ಎಲ್ಲ ಇರುತ್ತೆ, ಆಚೆ ಹೋಗೋಕೆ ದಾರಿ ಸಿಗದೆ ಒಳಗೇ ಸುತ್ತುತ್ತಿದ್ರೆ ಅವು ಎಲ್ಲಿ ತಣ್ಣಗಿದ್ಯೋ ಅಲ್ಲಿ ಹೋಗಿ ಕೂರ್ತವೆ, ಡಬ್ಬದೊಳಗೆ ಎಲ್ಲಕ್ಕಿಂತ ತಣ್ಣಗಿರೋದು ಆಗಷ್ಟೇ ಇಟ್ಟ ಮಾಂಸ.

ಖರ್ಚಿಲ್ಲದ ಮೊದಲ ಚೆಕ್ಕು ಚಿಮಣಿ ಬಾಯಿ ನೋಡೋದು. ಹಸಿ ಸೌದೆ ಒಲೆ ಊದ್ವಾಗ ಬರೋ ಥರ ದಟ್ಟ ಬಿಳಿ ಅಥವಾ ಹಳದಿ ಹೊಗೆ ಬರ್ತಿದ್ರೆ ಅದು ಅರೆಬೆಂದ ಹೊಗೆ. ಬೇಕಿರೋದು ತೆಳ್ಳಗೆ, ಸ್ವಲ್ಪ ನೀಲಿ, ಹಿಂದೆ ಕಪ್ಪು ಬಟ್ಟೆ ಹಿಡಿದ್ರೆ ಮಾತ್ರ ಸರಿಯಾಗಿ ಕಾಣೋ ಅಂಥದ್ದು. ಹೊಗೆ ಕಾಣ್ತಿಲ್ಲ ಅಂತ ಇನ್ನೊಂದು ಹಿಡಿ ಚಕ್ಕೆ ಸುರಿಯೋದೇ ಎಲ್ಲರೂ ಮಾಡೋ ತಪ್ಪು. ಬಿಳಿ ಇದ್ರೆ ಮಾಂಸ ಇನ್ನೂ ಒಳಗೆ ಇಡ್ಬೇಡಿ, ಖಾಲಿ ಡಬ್ಬ ಬಿಸಿ ಮಾಡಿ ಹೊಗೆ ತೆಳ್ಳಗಾದ್ಮೇಲೆ ಇಡಿ.

ಆಮೇಲೆ ಚಿಮಣಿ. ಮೇಲಿನ ತೂತು ಯಾವಾಗ್ಲೂ ಪೂರ್ತಿ ತೆಗೆದಿರ್ಬೇಕು, ಕಂಟ್ರೋಲ್ ಏನಿದ್ರೂ ಕೆಳಗಿನ ತೂತಲ್ಲಿ. ಹೊಗೆ ಉಳಿಸೋಣ ಅಂತ ಮೇಲೆ ಮುಚ್ಚಿದ್ರೆ ಉಳಿಯೋದು ಟಾರು. ನಾನು ಮೊದಲು ಕೊರೆದಿದ್ದು ಎರಡು ಬೆರಳು ತೂರೋ ತೂತು, ಆಮೇಲೆ 75 ಮಿಲಿಮೀಟರ್ ಪೈಪ್ ಹಾಕಿ ಮೊಣಕೈ ಉದ್ದ ಮೇಲಕ್ಕೆ ಎಬ್ಬಿಸಿದ್ಮೇಲೆ ಅದೇ ಮರ, ಅದೇ ತಟ್ಟೆ, ಕಹಿ ಮಾಯ. ದೊಡ್ಡ ಡಬ್ಬ ಆದ್ರೆ 100 ಹಾಕಿ. ಗಾಳಿ ಎಳೀತಿದ್ಯಾ ಅಂತ ನೋಡೋಕೆ ಕೆಳಗಿನ ತೂತಿನ ಹತ್ರ ಊದುಬತ್ತಿ ಹಿಡೀರಿ, ಅದರ ಹೊಗೆ ಒಳಗೆ ಬಾಗಬೇಕು. ನೆಟ್ಟಗೆ ಮೇಲೆ ಹೋದ್ರೆ ಡಬ್ಬ ಉಸಿರಾಡ್ತಿಲ್ಲ.

ಇಷ್ಟೂ ಸರಿ ಇದ್ರೆ ಆಗ ಮರದ ಹತ್ರ ಬನ್ನಿ. ಗಟ್ಟಿ ಮರ ಅಥವಾ ಹಣ್ಣಿನ ಮರ, ಚೆನ್ನಾಗಿ ಒಣಗಿದ್ದು, ತೊಗಟೆ ಬೂಸ್ಟು ಇಲ್ಲದ್ದು. ಪೈನ್ ಥರ ರಾಳ ಸುರಿಸೋ ಮರ ಬೇಡ. ಪೇಂಟ್ ಹೊಡೆದಿದ್ದು, ಹುಳ ಹಿಡೀದಂಗೆ ಔಷಧಿ ಕೊಟ್ಟಿದ್ದು, ಪ್ಲೈವುಡ್ ಚೂರು ಇವು ಸತ್ರೂ ಬೇಡ, ಪ್ಲೈವುಡ್ ಗೋಂದಲ್ಲಿ ಫಾರ್ಮಾಲ್ಡಿಹೈಡ್ ಇರುತ್ತೆ, ಔಷಧಿ ಕೊಟ್ಟ ಹಳೇ ಮರದಲ್ಲಿ ಆರ್ಸೆನಿಕ್ ಇರ್ಬಹುದು. ಚಕ್ಕೆ ನೆನೆಸೋದರ ಬಗ್ಗೆ ದೊಡ್ಡ ವಾದ ಇದೆ, ನನಗಂತೂ ಅದರಲ್ಲಿ ನಂಬಿಕೆ ಇಲ್ಲ. ನೀರು ಮೇಲ್ಮೈ ಬಿಟ್ಟು ಒಳಗೆ ಇಳಿಯಲ್ಲ, ಆ ನೀರು ಆವಿ ಆಗೋವರೆಗೂ ನಿಮಗೆ ಕಾಣೋ ಬಿಳಿ ಬರೀ ಹಬೆ.

ಕಹಿ ಒಂದು ಸಲ ಬಂದಿದ್ರೆ ಗೋಡೆ ಮೇಲೂ ಅದೇ ಕೂತಿರುತ್ತೆ. ಒಣಗಿದ ಕಂದು ಬಣ್ಣ ಇದ್ರೆ ತೊಂದರೆ ಇಲ್ಲ, ಬಿಡಿ. ಕಪ್ಪಗೆ ಹೊಳೀತಾ ಪದರ ಎದ್ದಿದ್ರೆ ಕೆರೆದು ತೆಗೀರಿ, ಇಲ್ಲಾಂದ್ರೆ ಮುಂದಿನ ಸಲ ಬಿಸಿಗೆ ಕರಗಿ ಇಳಿಯುತ್ತೆ.

ಮಾಂಸದ ಮೇಲೆ ಕಪ್ಪು ಹನಿ ಬಿದ್ದ ಗುರುತು

ಚಿಮಣಿ ತಣ್ಣಗಿದೆ, ಆವಿ ಅಲ್ಲೇ ನೀರಾಗಿ ಟಾರು ಬೆರೆಸ್ಕೊಂಡು ವಾಪಸ್ ಬೀಳ್ತಿದೆ. ಮಾಂಸ ಇಡೋ ಮುಂಚೆ ಅರ್ಧ ಗಂಟೆ ಖಾಲಿ ಬಿಸಿ ಮಾಡಿ, ಚಿಮಣಿ ಕೆಳಗೆ ಓರೆಯಾಗಿ ಒಂದು ಸ್ಟೀಲ್ ತಗಡು ಕೊಟ್ಟು ಹನಿ ಗೋಡೆ ಕಡೆ ಜಾರೋ ಹಾಗೆ ಮಾಡಿ. ಮಾಂಸ ಒದ್ದೆ ಇದ್ರೂ ಇದೇ ಕಥೆ, ಒರೆಸಿ ಫ್ರಿಡ್ಜಲ್ಲಿ (ಕೆಲಸ ಮಾಡೋ ಫ್ರಿಡ್ಜಲ್ಲಿ!) ತೆರೆದಿಟ್ಟು ಮೇಲ್ಮೈ ಮುಟ್ಟಿದ್ರೆ ಸ್ವಲ್ಪ ಅಂಟು ಅನ್ನೋ ಹಾಗೆ ಒಣಗಿಸಿ. ಹೊಗೆ ಹಿಡಿಯೋದು ಅಂಥ ಮೈಗೇ, ಒದ್ದೆ ಮೈ ಮೇಲೆ ಪಟ್ಟೆ ಪಟ್ಟೆ ಬರುತ್ತೆ.

ಹೊಗೆನೇ ಬರ್ತಿಲ್ಲ, ಅಥವಾ ಬಂದು ನಿಂತೋಗುತ್ತೆ

ತಟ್ಟೆ ತೆಗೆದು ನೋಡಿ. ಚಕ್ಕೆ ಹಾಗೇ ಹಳದಿ ಇದ್ರೆ ಬಿಸಿ ಸಾಲ್ತಿಲ್ಲ, ಮರ 200 ಡಿಗ್ರಿ ದಾಟದೆ ಸರಿಯಾಗಿ ಹೊಗೆಯಾಡಲ್ಲ, ರುಚಿ ಕೊಡೋ ಹೊಗೆ ಬರೋದು 300-400 ಹತ್ರ. ತಟ್ಟೆ ತಳ ಡೊಂಕಾಗಿ ಹಾಟ್‌ಪ್ಲೇಟಿಗೆ ಒಂದು ಕಡೆ ಮಾತ್ರ ತಾಗ್ತಿರ್ಬಹುದು, ಸಪಾಟಾದ ಕಬ್ಬಿಣದ ತಟ್ಟೆ ಇಡಿ. ಎಲ್ಲ ಬೂದಿ ಆಗಿದ್ರೆ ಬೂದಿ ಚೆಲ್ಲಿ, ಅದರ ಮೇಲೆ ಹೊಸ ಚಕ್ಕೆ ಹಾಕಿದ್ರೆ ಬಿಸಿ ಏರಲ್ಲ.

ಮೊದಲ ಅರ್ಧ ಗಂಟೆ ಚೆನ್ನಾಗಿ ಬಂದು ಆಮೇಲೆ ನಿಂತ್ರೆ ಅದು ಹಾಟ್‌ಪ್ಲೇಟಿನ ಸ್ವಂತ ಥರ್ಮೋಸ್ಟಾಟ್ ಕೆಲಸ. ಡಬ್ಬ ಬಿಸಿ ಆದ ಹಾಗೆ ಅದೂ ಬಿಸಿಯಾಗಿ ಸಾಕು ಅಂತ ಕಟ್ ಆಗುತ್ತೆ, ಚಕ್ಕೆ ತಣ್ಣಗಾಗುತ್ತೆ. ಥರ್ಮೋಸ್ಟಾಟ್ ಬೈಪಾಸ್ ಮಾಡೋ ಬುದ್ಧಿವಂತಿಕೆ ಎಲ್ಲರಿಗೂ ಹೊಳೆಯುತ್ತೆ, ದಯವಿಟ್ಟು ಹಾಗೇ ಸುಮ್ಮನೆ ಮಾಡ್ಬೇಡಿ, ಆಮೇಲೆ ಅದನ್ನ ನಿಲ್ಲಿಸೋರು ಯಾರೂ ಇರಲ್ಲ. ಬಿಸಿಗೆ ಒಂದು, ಹೊಗೆಗೆ ಬೇರೊಂದು ಅಂತ ಬೇರ್ಪಡಿಸೋದು ಸರಿಯಾದ ದಾರಿ. ಜಾಲರಿಯ ಸುತ್ತು ಸುತ್ತು ತಟ್ಟೇಲಿ ಒಣ ಮರದ ಹೊಟ್ಟು ತುಂಬಿ ಒಂದು ತುದಿ ಹೊತ್ತಿಸಿದ್ರೆ ಕರೆಂಟ್ ಇಲ್ಲದೇನೇ ಗಂಟೆಗಟ್ಟಲೆ ಹೊಗೆಯಾಡುತ್ತೆ, ಆಗ ಹಾಟ್‌ಪ್ಲೇಟಿಗೆ ಬಿಸಿ ಮಾಡೋ ಕೆಲಸ ಮಾತ್ರ.

ಹೊಗೆ ಬದಲು ಬೆಂಕಿ

ಚಕ್ಕೆ ಹತ್ಕೊಂಡ್ರೆ ಗಾಳಿ ಜಾಸ್ತಿ, ತಟ್ಟೆಗೆ ತೂತಿರೋ ಮುಚ್ಚಳ ಹಾಕಿ. ಆದ್ರೆ ಕೊಬ್ಬು ಕರಗಿ ಪ್ಲೇಟ್ ಮೇಲೆ ಬಿದ್ದು ಉರೀತಿದ್ರೆ ಅದು ಬೇರೆ ವಿಷಯ. ಚಿಮಣೀಲಿ ಕಪ್ಪು ಹೊಗೆ, ಥರ್ಮಾಮೀಟರ್ ಇದ್ದಕ್ಕಿದ್ದಂತೆ ಜಿಗಿದಿದೆ, ಚಟಪಟ ಶಬ್ದ. ಬಾಗಿಲು ತೆಗೀಬೇಡಿ. ತೆಗೆದ್ರೆ ಗಾಳಿ ಒಮ್ಮೆಲೇ ನುಗ್ಗಿ ಭಗ್ ಅಂತ ಮುಖಕ್ಕೆ ಬರುತ್ತೆ. ಪ್ಲಗ್ ಕಿತ್ತು, ಕೈಗೆ ಸಿಕ್ರೆ ಕೆಳಗಿನ ತೂತು ಮುಚ್ಚಿ, ಕಾಯಿರಿ. ನೀರು ಮಾತ್ರ ಹಾಕ್ಬೇಡಿ, ಉರಿಯೋ ಕೊಬ್ಬಿಗೂ ಆಗಲ್ಲ, ಕರೆಂಟಿಗೂ ಆಗಲ್ಲ. ಹೊರಮೈ ಪೇಂಟ್ ಉಬ್ಬೋಕೆ ಶುರು ಆದ್ರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡೋದೇ. ಆರಿದ್ಮೇಲೆ ಜಾಲರಿಗೂ ಪ್ಲೇಟಿಗೂ ಮಧ್ಯ ಕೊಬ್ಬು ಹಿಡಿಯೋ ತಟ್ಟೆ ಇಡಿ, ಮೊದಲೇ ಇಡ್ಬೇಕಿತ್ತು.

ಟೆಂಪರೇಚರ್ ಏರ್ತಿಲ್ಲ

ಮೊದಲು ಥರ್ಮಾಮೀಟರನ್ನೇ ಅನುಮಾನಿಸಿ. ಪುಡಿ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದ್ದಿದ್ರೆ 0 ತೋರಿಸ್ಬೇಕು. ಕುದಿಯೋ ನೀರಲ್ಲಿ ಸಮುದ್ರ ಮಟ್ಟದಲ್ಲಿ 100, ಎತ್ತರದ ಊರಾದ್ರೆ ಸುಮಾರು 300 ಮೀಟರ್‌ಗೆ 1 ಡಿಗ್ರಿ ಕಮ್ಮಿ. ಬಾಗಿಲಿಗೆ ಚುಚ್ಚಿರೋ ಗಡಿಯಾರದಂಥ ಮೀಟರನ್ನ ನಾನು ಅಲಂಕಾರ ಅಂತಾನೇ ಲೆಕ್ಕ ಹಾಕ್ತೀನಿ, ಪ್ರೋಬ್ (ಬಿಸಿ ಅಳೆಯೋ ಕಡ್ಡಿ) ಮಾಂಸ ಇರೋ ಜಾಲರಿ ಮಟ್ಟದಲ್ಲಿ, ಗೋಡೆಗೆ ತಾಗದ ಹಾಗೆ ಇರ್ಬೇಕು.

ಮೀಟರ್ ಸರಿ ಇದ್ರೆ ಬಾಗಿಲು. ಒಂದು ಕಾಗದದ ಪಟ್ಟಿ ಸಿಗಿಸಿ ಬಾಗಿಲು ಹಾಕಿ ಎಳೀರಿ, ಸುತ್ತಲೂ ಹಿಡಿತ ಒಂದೇ ಥರ ಇರ್ಬೇಕು. ರಾತ್ರಿ ಹೊತ್ತು ಒಳಗೆ ಟಾರ್ಚ್ ಹಚ್ಚಿಟ್ಟು ನೋಡಿದ್ರೆ ಬಿರುಕು ಕಣ್ಣಿಗೇ ಕಾಣುತ್ತೆ. ಆಮೇಲೆ ಕೆಳಗಿನ ತೂತು, ಗಾಳಿ ದಿನ ಅದು ಪೂರ್ತಿ ತೆಗೆದಿದ್ರೆ ಎಷ್ಟು ಕಾಯಿಸಿದ್ರೂ ಚಿಮಣೀಲಿ ಹೋಗುತ್ತೆ. ಇದೆಲ್ಲ ಆದ್ಮೇಲೆ ಹೀಟರ್ ಚಿಕ್ಕದಾಯ್ತಾ ಅಂತ ಯೋಚಿಸಿ.

ಡಬ್ಬ 110 ತೋರಿಸ್ತಿದೆ, ಆದ್ರೆ ಮಾಂಸದೊಳಗಿನ ಬಿಸಿ 65-75 ನಡುವೆ ಗಂಟೆಗಟ್ಟಲೆ ಅಲ್ಲಾಡ್ತಿಲ್ಲ ಅಂದ್ರೆ ಅದು ದೋಷ ಅಲ್ಲ. ದೊಡ್ಡ ತುಂಡುಗಳು ಬೆವರ್ತವೆ, ಆ ನೀರು ಆರೋವಾಗ ಬಿಸಿ ಎಳ್ಕೊಳ್ಳುತ್ತೆ, ಮೈ ಒಣಗಿದ್ಮೇಲೆ ತಾನಾಗೇ ಏರುತ್ತೆ.

ಅದೇ ಒಳಗಿನ ಬಿಸಿ 60 ಕೂಡ ಮುಟ್ಟದೆ ಸಿಕ್ಕಾಕ್ಕೊಂಡಿದ್ರೆ ಗಾಬರಿ ಪಡ್ಬೇಕಾದ್ದೇ. 4ರಿಂದ 60 ಡಿಗ್ರಿ ನಡುವೆ ರೋಗಾಣುಗಳಿಗೆ ಹಬ್ಬ, ಆ ದೂರವನ್ನ ಮಾಂಸ 4 ಗಂಟೆ ಒಳಗೆ ದಾಟ್ಬೇಕು. ದಾಟ್ಲಿಲ್ಲ ಅಂದ್ರೆ ಎಸೀರಿ, ಆಮೇಲೆ ಕುದಿಸಿದ್ರೆ ಸರಿ ಹೋಗುತ್ತೆ ಅನ್ನೋದು ತಪ್ಪು, ಕೆಲವು ರೋಗಾಣು ಬಿಟ್ಟ ವಿಷ ಕುದಿಸಿದ್ರೂ ಹೋಗಲ್ಲ. ಕೊನೆಗೆ ಒಳಗೆ ಮುಟ್ಬೇಕಾದ್ದು ಕೋಳಿಗೆ 74, ಕೊಚ್ಚಿದ ಮಾಂಸಕ್ಕೆ 71, ಇಡೀ ತುಂಡು ಹಂದಿ ಅಥವಾ ದನದ ಮಾಂಸಕ್ಕೆ 63 ಮುಟ್ಟಿ 3 ನಿಮಿಷ ಬಿಡೋದು. ತಣ್ಣನೆ ಹೊಗೆ ಹಾಕೋರು ಇನ್ನೂ ಹುಷಾರಾಗಿರ್ಬೇಕು, ಅಲ್ಲಿ ಮಾಂಸ ಬೇಯೋದೇ ಇಲ್ಲ, ಬೆಚ್ಚಗೆ ಆಮ್ಲಜನಕ ಕಮ್ಮಿ ಇರೋ ಕಡೆ ಬಾಟುಲಿಸಂ ಅನ್ನೋ ಪ್ರಾಣ ತೆಗೆಯೋ ಆಹಾರವಿಷ ತರೋ ಬ್ಯಾಕ್ಟೀರಿಯಾ ಬೆಳೆಯುತ್ತೆ. ಉಪ್ಪು ಮತ್ತು ನೈಟ್ರೈಟ್ ಹಾಕಿ ಕ್ಯೂರ್ ಮಾಡದ ಮಾಂಸ ಅದಕ್ಕೆ ಬೇಡ. 6.25 ಶೇಕಡಾ ನೈಟ್ರೈಟ್ ಇರೋ ಕ್ಯೂರಿಂಗ್ ಸಾಲ್ಟು ಕೆಜಿ ಮಾಂಸಕ್ಕೆ 2.5 ಗ್ರಾಂ, ತಕ್ಕಡೀಲಿ ತೂಗಿ, ಚಮಚದ ಅಂದಾಜು ಬೇಡ, ಜಾಸ್ತಿ ಆದ್ರೆ ಅದೂ ವಿಷವೇ.

ಟೆಂಪರೇಚರ್ ಏರ್ತಾನೇ ಇದೆ, ನಿಲ್ತಿಲ್ಲ

ಪಿಐಡಿ ಕಂಟ್ರೋಲರ್ (ಬಿಸಿ ನೋಡ್ಕೊಂಡು ಪ್ಲೇಟನ್ನ ತಾನೇ ಆನ್ ಆಫ್ ಮಾಡೋ ಪೆಟ್ಟಿಗೆ) ಹಾಕ್ಕೊಂಡೋರಿಗೆ ಬರೋ ಕಾಯಿಲೆ ಇದು. ಪ್ರೋಬ್ ಕಳಚಿ ಕೆಳಗೆ ಬಿದ್ದಿಲ್ಲ ತಾನೇ ನೋಡಿ, ಅದು ತಣ್ಣಗೆ ಬಿದ್ದಿದ್ರೆ ಕಂಟ್ರೋಲರ್ ಪಾಪ ಕಾಯಿಸ್ತಾನೇ ಇರುತ್ತೆ. ಪ್ರೋಬ್ ಜಾಗದಲ್ಲೇ ಇದೆ, ಕಂಟ್ರೋಲರ್ ಆಫ್ ಅಂತ ತೋರಿಸ್ತಿದೆ, ಪ್ಲೇಟ್ ಮಾತ್ರ ಕೆಂಪಗೆ ಅಂದ್ರೆ ಎಸ್‌ಎಸ್‌ಆರ್ (ಪ್ಲೇಟಿನ ಕರೆಂಟ್ ಆನ್ ಆಫ್ ಮಾಡೋ ಎಲೆಕ್ಟ್ರಾನಿಕ್ ರಿಲೇ) ಹೋಗಿದೆ. ಈ ರಿಲೇ ಕೆಟ್ರೆ ಸಾಮಾನ್ಯವಾಗಿ ಆನ್ ಸ್ಥಿತೀಲೇ ಸಾಯುತ್ತೆ, ಅದೇ ಇದರ ಅಪಾಯ. ಹೀಟ್ ಸಿಂಕ್ (ಬಿಸಿ ಹೊರಗೆ ಹಾಕೋ ಲೋಹದ ತುಂಡು) ಇಲ್ಲದೆ ಕೂರಿಸಿದ್ರೆ ಬೇಗ ಸಾಯುತ್ತೆ. ಬದಲಾಯಿಸುವಾಗ ಪ್ಲೇಟಿನ ಲೈನಲ್ಲಿ ಪ್ರತ್ಯೇಕವಾಗಿ ಒಂದು ಥರ್ಮಲ್ ಕಟೌಟ್ ಹಾಕಿಸಿ, ಯಾರು ಕೆಟ್ರೂ ಅದು ಕರೆಂಟ್ ತೆಗೆಯುತ್ತೆ.

ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಆಗೋ ಸ್ವಿಚ್) ಬೀಳ್ತಿದೆ, ಮುಟ್ಟಿದ್ರೆ ಜುಮ್ ಅಂತಿದೆ

ಜುಮ್ ಅಂದ್ರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಲೋಹದ ಡಬ್ಬಕ್ಕೆ ಅರ್ಥಿಂಗ್ ಇಲ್ಲ ಅಂತ ಅರ್ಥ, ಬಯಲಲ್ಲಿ ಒದ್ದೆ ನೆಲದ ಮೇಲೆ ಅದು ಪ್ರಾಣ ತೆಗೆಯೋ ವಿಷಯ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಇದನ್ನ ಓಡಿಸಲೇಬಾರದು.

ತಿಂಗಳುಗಟ್ಟಲೆ ಸುಮ್ಮನಿದ್ದು ಮಳೆಗಾಲದಲ್ಲಿ ಆನ್ ಮಾಡಿದ ತಕ್ಷಣ ಟ್ರಿಪ್ ಆದ್ರೆ ಪ್ಲೇಟನ್ನ ಕಾಯಿಸೋ ಎಲಿಮೆಂಟ್ ತೇವ ಕುಡಿದಿದೆ. ಒಳಗಿರೋ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಎಳ್ಕೊಳ್ಳುತ್ತೆ, ಪ್ಲಗ್ ಕಿತ್ತು ಪ್ಲೇಟನ್ನ ಒಂದೆರಡು ದಿನ ಬಿಸಿಲಿಗಿಟ್ರೆ ಸರಿಹೋಗಬಹುದು. ಕಾದ ಮೇಲೆ ಟ್ರಿಪ್ ಆಗ್ತಿದ್ರೆ ವೈರ್ ನೋಡಿ. ಮಾಮೂಲಿ ಪಿವಿಸಿ ವೈರಿಗೆ 70 ಡಿಗ್ರಿವರೆಗೆ ಮಾತ್ರ ತಾಳಿಕೆ, ಬಿಸಿ ಜಾಗದಲ್ಲಿ ಅದರ ಸಿಪ್ಪೆ ಬಿರಿದು ತಾಮ್ರ ಡಬ್ಬಕ್ಕೆ ತಾಗುತ್ತೆ. ಒಳಗೆಲ್ಲ ಸಿಲಿಕೋನ್ ಅಥವಾ ಫೈಬರ್‌ಗ್ಲಾಸ್ ವೈರ್ ಹಾಕಿ, ತೂತು ದಾಟೋ ಕಡೆ ಬಿಸಿ ತಡೆಯೋ ಬುಶ್ ಕೊಡಿ. ಇದೆಲ್ಲ ಆಗಿಯೂ ಬೀಳ್ತಿದ್ರೆ ಪದೇಪದೇ ಸ್ವಿಚ್ ಎತ್ತಿ ನೋಡ್ಬೇಡಿ, ಮೆಗ್ಗರ್ (ಕರೆಂಟ್ ಸೋರಿಕೆ ಪರೀಕ್ಷೆ ಮಾಡೋ ಮೀಟರ್) ಇರೋರ ಕೈಗೆ ಕೊಡಿ.

ಬಾಗಿಲು ನಿಲ್ತಿಲ್ಲ

ಮ್ಯಾಗ್ನೆಟ್ ಗ್ಯಾಸ್ಕೆಟ್ ತೆಗೆದ್ಮೇಲೆ ಇದು ಆಗೇ ಆಗುತ್ತೆ. ತುಂಬಾ ಹಳೇ ಫ್ರಿಡ್ಜ್ ಆದ್ರೆ ಕಬ್ಬಿಣದ ಚಿಲಕ ಇರುತ್ತೆ, ಆಹಾ ಗಟ್ಟಿಯಾಗಿದೆ ಅಂತ ಅದನ್ನೇ ಇಟ್ಕೊಳ್ಳೋ ಆಸೆ ಆಗುತ್ತೆ. ಆ ಚಿಲಕ ಒಳಗಿಂದ ತೆಗೆಯೋಕೆ ಬರಲ್ಲ. ಆಟ ಆಡ್ತಾ ಒಳಗೆ ಅವಿತ್ಕೊಂಡ ಮಕ್ಕಳು ಉಸಿರುಗಟ್ಟಿ ಸತ್ತಿದ್ದಕ್ಕೇ ಅಮೆರಿಕದಲ್ಲಿ 1956ರಲ್ಲಿ ಕಾನೂನು ಬಂದು, 1958ರ ಅಕ್ಟೋಬರ್ ಕೊನೆಯಿಂದ ತಯಾರಾಗೋ ಫ್ರಿಡ್ಜ್‌ಗಳ ಬಾಗಿಲು ಒಳಗಿಂದಲೂ ತೆಗೆಯೋ ಹಾಗಿರ್ಬೇಕು ಅಂತ ಆಯ್ತು. ಚಿಲಕ ಕತ್ತರಿಸಿ ಹಾಕಿ, ಒಳಗಿಂದ ತಳ್ಳಿದ್ರೆ ಬಿಟ್ಕೊಳ್ಳೋ ಸ್ಪ್ರಿಂಗ್ ಕ್ಲಿಪ್ ಹಾಕಿ. ಒಳಗೆ ಹೊಗೆ ಗ್ಯಾಸ್ ಭಗ್ ಅಂದ್ರೂ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ, ಡಬ್ಬ ಸಿಡಿಯಲ್ಲ. ನಾನು ಕೆಲಸ ಮುಗಿದ್ಮೇಲೆ ಹಿಂಜ್ ಪಿನ್ ಎಳೆದು ಬಾಗಿಲನ್ನೇ ತೆಗೆದು ಗೋಡೆಗೆ ಒರಗಿಸಿಡ್ತೀನಿ.